ಮೂಳೆ ತುಂಬುವ ವಸ್ತು ನಿಜಕ್ಕೂ ಮೂಳೆ ಬೆಳೆಸಿತೇ? ಸಂಶೋಧನಾ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮೂಳೆ ದುರಸ್ತಿಗೆ ಬಳಸುವ ಜೈವಿಕ ವಸ್ತುಗಳ ಕುರಿತು ಪಿಎಚ್‌.ಡಿ. ಮಾಡುತ್ತಿರುವ ಎರಡನೆಯ ವರ್ಷದ ವಿದ್ಯಾರ್ಥಿನಿ ನಾನು. ಜೆಲಟಿನ್, ಕೈಟೋಸಾನ್ (ಸಿಗಡಿ, ಏಡಿಗಳ ಚಿಪ್ಪಿನಿಂದ ಪಡೆಯುವ ಪಾಲಿಮರ್) ಮತ್ತು ನ್ಯಾನೊ ಹೈಡ್ರಾಕ್ಸಿಅಪಟೈಟ್ (ಮೂಳೆಯ ಖನಿಜವನ್ನು ಹೋಲುವ ಕ್ಯಾಲ್ಸಿಯಂ ಫಾಸ್ಫೇಟ್) ಬೆರೆಸಿ, ಜೆನಿಪಿನ್ ಎಂಬ ಸಸ್ಯಮೂಲದ ಬಂಧಕದಿಂದ ಬಂಧಿಸಿ, ಫ್ರೀಜ್ ಡ್ರೈ ಮಾಡಿ (ಹೆಪ್ಪುಗಟ್ಟಿಸಿ ಒಣಗಿಸಿ) ಸ್ಕ್ಯಾಫೋಲ್ಡ್, ಅಂದರೆ ಹೊಸ ಮೂಳೆ ಹಬ್ಬಲು ಆಸರೆಯಾಗುವ ರಂಧ್ರಮಯ ಚೌಕಟ್ಟು, ತಯಾರಿಸಿದ್ದೇನೆ. ದೇಹದ್ರವವನ್ನು ಅನುಕರಿಸುವ ಎಸ್‌ಬಿಎಫ್ ದ್ರಾವಣದಲ್ಲಿ ಇಟ್ಟಾಗ ಅದರ ಮೇಲೆ ಅಪಟೈಟ್ ಪದರ ಕಟ್ಟಿತು. ಜೀವಕೋಶಗಳ ಜೀವಂತಿಕೆಯನ್ನು ಬಣ್ಣದಿಂದ ಅಳೆಯುವ ಎಂಟಿಟಿ ಪರೀಕ್ಷೆಯಲ್ಲಿ ಶೇ 90ಕ್ಕಿಂತ ಹೆಚ್ಚು ಜೀವಕೋಶಗಳು ಬದುಕಿದ್ದವು. ಖನಿಜವನ್ನು ತೋರಿಸುವ ಅಲಿಜರಿನ್ ರೆಡ್ ಹಾಕಿದಾಗ ಗಾಢ ಕೆಂಪು ಬಣ್ಣ ಬಂತು. ಈ ವಸ್ತು ಮೂಳೆ ಬೆಳವಣಿಗೆಯನ್ನು ಪ್ರಚೋದಿಸುತ್ತದೆ ಎಂದು ಪ್ರಬಂಧದಲ್ಲಿ ಬರೆಯಬಹುದೇ? ಮುಂದೆ ನೇರವಾಗಿ ಇಲಿಗಳ ಮೇಲಿನ ಪ್ರಯೋಗಕ್ಕೆ ಹೋಗಬಹುದೇ? ಸ್ಟ್ರಾನ್ಷಿಯಂ ಸೇರಿಸಿದರೆ ಕೆಲಸಕ್ಕೆ ಹೊಸತನ ಬರುತ್ತದೆ ಎಂದು ಸಹಪಾಠಿಗಳು ಹೇಳುತ್ತಾರೆ, ಅದು ಸರಿಯೇ?

ಉತ್ತರ: ನೇರ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ವಿವರಿಸಿದ ಫಲಿತಾಂಶಗಳಷ್ಟನ್ನೇ ಆಧಾರವಾಗಿಟ್ಟುಕೊಂಡು ಈ ವಸ್ತು ಮೂಳೆ ಬೆಳವಣಿಗೆಯನ್ನು ಪ್ರಚೋದಿಸುತ್ತದೆ ಎಂದು ಬರೆಯಲು ಬರುವುದಿಲ್ಲ. ಇಲಿಗಳ ಪ್ರಯೋಗಕ್ಕೆ ಇನ್ನೂ ಸಮಯವಿದೆ. ಸ್ಟ್ರಾನ್ಷಿಯಂ ವಿಚಾರವನ್ನು ಸದ್ಯಕ್ಕೆ ಬದಿಗಿಡುವುದು ಒಳ್ಳೆಯದು. ನಿಮ್ಮ ಕೆಲಸ ದುರ್ಬಲವಾಗಿದೆ ಎಂದು ನಾನು ಹೀಗೆ ಹೇಳುತ್ತಿಲ್ಲ. ನೀವು ಮಾಡಿದ ಮೂರೂ ಪರೀಕ್ಷೆಗಳಲ್ಲಿ, ವಸ್ತುವಿನೊಳಗೆ ಮೊದಲೇ ಇರುವ ಹೈಡ್ರಾಕ್ಸಿಅಪಟೈಟೋ ಜೆನಿಪಿನ್‌ನ ಬಣ್ಣವೋ, ಜೀವಕೋಶಗಳು ಏನನ್ನೂ ಮಾಡದಿದ್ದರೂ, ಅನುಕೂಲಕರ ಫಲಿತಾಂಶವನ್ನು ಕೊಡಬಲ್ಲದು. ‘ಇಲ್ಲ’ ಎಂದು ಹೇಳುವ ಅವಕಾಶವೇ ಇಲ್ಲದ ಪರೀಕ್ಷೆ ‘ಹೌದು’ ಎಂದಾಗ ನಮಗೆ ಹೊಸದಾಗಿ ತಿಳಿಯುವುದು ಬಹಳ ಕಡಿಮೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಇದೆ: ಈ ಸ್ಕ್ಯಾಫೋಲ್ಡ್ ದೇಹದ ಯಾವ ಭಾಗದ, ಎಷ್ಟು ದೊಡ್ಡ, ಎಂಥ ಗಾಯಕ್ಕಾಗಿ ಎಂಬುದು ನಿಮ್ಮ ಪ್ರಶ್ನೆಯಲ್ಲಿ ಎಲ್ಲಿಯೂ ಇಲ್ಲ. ಅದು ತೀರ್ಮಾನವಾಗುವವರೆಗೆ ರಂಧ್ರದ ಗಾತ್ರ, ಗಟ್ಟಿತನ, ಕರಗುವ ವೇಗ ಇವುಗಳಲ್ಲಿ ಯಾವುದನ್ನೂ ಸರಿ ಅಥವಾ ತಪ್ಪು ಎಂದು ನಿರ್ಣಯಿಸಲು ಸಾಧ್ಯವಿಲ್ಲ.

ಮೂಳೆ ಮುರಿದರೆ ಸಾಮಾನ್ಯವಾಗಿ ತಾನೇ ಕೂಡಿಕೊಳ್ಳುತ್ತದೆ, ಮತ್ತು ಚರ್ಮದ ಆಳವಾದ ಗಾಯದಂತೆ ಕಲೆಯನ್ನು ಉಳಿಸದೆ, ಕ್ರಮೇಣ ಮೂಲದಂಥದೇ ಮೂಳೆಯಾಗಿ ಮಾರ್ಪಡುತ್ತದೆ. ಮುರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುವುದು, ಉರಿಯೂತ, ಮೃದ್ವಸ್ಥಿಯ ಸೇತುವೆ, ಅದು ಗಡಸು ಮೂಳೆಯಾಗುವುದು, ಕೊನೆಗೆ ತಿಂಗಳುಗಟ್ಟಲೆ ನಡೆಯುವ ಮರುರೂಪಣೆ, ಇಷ್ಟೂ ಹಂತಗಳನ್ನು ದೇಹ ತಾನಾಗಿಯೇ ನಡೆಸಿಕೊಳ್ಳುತ್ತದೆ. ಹೊರಗಿನ ವಸ್ತು ಬೇಕಾಗುವುದು ಈ ಕ್ರಮ ಸೋಲುವ ಕಡೆ ಮಾತ್ರ: ಅಪಘಾತದಲ್ಲಿ ಮೂಳೆಯ ತುಂಡೇ ಕಳೆದುಹೋದಾಗ, ಗೆಡ್ಡೆಯನ್ನು ತೆಗೆದ ನಂತರ, ಸೋಂಕಿನಿಂದ ಭಾಗವೊಂದು ಸತ್ತಾಗ, ಹಲ್ಲು ಕಿತ್ತ ಮೇಲೆ ದವಡೆಯ ಮೂಳೆ ಸವೆದಾಗ. ಅಂಥ ಸಂದರ್ಭದಲ್ಲಿ ಶಸ್ತ್ರವೈದ್ಯರು ಇಂದಿಗೂ ಅತ್ಯಂತ ಭರವಸೆಯಿಂದ ಬಳಸುವುದು ರೋಗಿಯದೇ ಮೂಳೆಯನ್ನು, ಹೆಚ್ಚಾಗಿ ಸೊಂಟದ ಮೂಳೆಯ ಅಂಚಿನಿಂದ ತೆಗೆದದ್ದನ್ನು. ಅದರಲ್ಲಿ ಜೀವಂತ ಕೋಶಗಳಿವೆ, ಬೆಳವಣಿಗೆಯನ್ನು ಪ್ರಚೋದಿಸುವ ಪ್ರೋಟೀನುಗಳಿವೆ, ಹೊಸ ಮೂಳೆ ಹರಡಿಕೊಳ್ಳಲು ತಕ್ಕ ರಚನೆಯೂ ಇದೆ. ಆದರೆ ಸಿಗುವ ಪ್ರಮಾಣಕ್ಕೆ ಮಿತಿಯಿದೆ, ತೆಗೆದ ಜಾಗದಲ್ಲಿ ಎರಡನೆಯ ಗಾಯವಾಗುತ್ತದೆ, ಕೆಲವರಲ್ಲಿ ಆ ನೋವು ಬಹುಕಾಲ ಉಳಿಯುತ್ತದೆ. ನಿಮ್ಮ ವಸ್ತು ಸ್ಪರ್ಧಿಸಬೇಕಾದದ್ದು ಇದರ ಜೊತೆ. ಪ್ರಯೋಗಾಲಯದ ಖಾಲಿ ಪ್ಲಾಸ್ಟಿಕ್ ತಟ್ಟೆಯ ಜೊತೆ ಅಲ್ಲ.

ಈ ಕ್ಷೇತ್ರದ ಇತಿಹಾಸದಲ್ಲಿ ಪ್ರಶ್ನೆ ಮೊದಲು ಬಂದು ವಸ್ತು ಆಮೇಲೆ ಬಂದದ್ದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ ವಸ್ತುವಿಜ್ಞಾನಿ ಲ್ಯಾರಿ ಹೆಂಚ್ ಅವರ ಜೈವಿಕ ಗಾಜು. 1967ರಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದ್ದ ಅಮೆರಿಕದ ಸೇನಾಧಿಕಾರಿಯೊಬ್ಬರು, ಗಾಯಾಳುಗಳಿಗೆ ಅಳವಡಿಸುವ ಲೋಹ ಮತ್ತು ಪ್ಲಾಸ್ಟಿಕ್‌ಗಳನ್ನು ದೇಹ ತಿರಸ್ಕರಿಸುತ್ತದೆ, ದೇಹ ಒಪ್ಪಿಕೊಳ್ಳುವ ವಸ್ತುವೊಂದನ್ನು ಮಾಡಲಾಗದೇ ಎಂದು ಅವರನ್ನು ಕೇಳಿದರು. ಆ ಪ್ರಶ್ನೆಯ ಬೆನ್ನು ಹತ್ತಿ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ 1969ರಲ್ಲಿ ತಯಾರಾದ 45ಎಸ್5 ಗಾಜಿನಲ್ಲಿ ತೂಕದ ಲೆಕ್ಕದಲ್ಲಿ ಶೇ 45 ಸಿಲಿಕಾ, ಸೋಡಿಯಂ ಮತ್ತು ಕ್ಯಾಲ್ಸಿಯಂ ಆಕ್ಸೈಡ್‌ಗಳು ತಲಾ ಶೇ 24.5, ರಂಜಕದ ಪೆಂಟಾಕ್ಸೈಡ್ ಶೇ 6 ಇದ್ದವು. ಇಲಿಗಳ ತೊಡೆಮೂಳೆಯಲ್ಲಿ ಇಟ್ಟ ಆ ತುಣುಕುಗಳು ಆರು ವಾರಗಳ ನಂತರ ಎಳೆದರೂ ಬರದಷ್ಟು ಗಟ್ಟಿಯಾಗಿ ಮೂಳೆಗೆ ಅಂಟಿಕೊಂಡಿದ್ದವು. ಅಲ್ಲಿ ಕೇಳಿದ ಪ್ರಶ್ನೆ ‘ಅಂಟುತ್ತದೆಯೇ’ ಎಂಬುದಾಗಿತ್ತು, ಮಾಡಿದ ಪರೀಕ್ಷೆಯೂ ಅದನ್ನೇ ನೇರವಾಗಿ ಅಳೆಯಿತು. ಅಂಟದೆ ಹೋಗಿದ್ದರೆ ತುಣುಕು ಕೈಗೆ ಬಂದುಬಿಡುತ್ತಿತ್ತು, ಅನುಮಾನಕ್ಕೆ ಎಡೆಯೇ ಇರುತ್ತಿರಲಿಲ್ಲ. ನಿಮ್ಮ ಪ್ರತಿಯೊಂದು ಪ್ರಯೋಗದಲ್ಲಿಯೂ ಈ ಗುಣ ಇರಬೇಕೆಂಬುದು ನನ್ನ ಆಶಯ.

ಈಗ ಗಾಯದ ವಿಷಯ. ಉದ್ದ ಮೂಳೆಗಳ ಹೊರಗಿನ ದಟ್ಟ ಭಾಗ 100ರಿಂದ 200 ಮೆಗಾಪಾಸ್ಕಲ್‌ನಷ್ಟು ಒತ್ತಡವನ್ನು ತಾಳುತ್ತದೆ. ಒಳಗಿನ ಜಾಲರಿಯಂಥ ಮೂಳೆ ಸುಮಾರು 2ರಿಂದ 12 ಮೆಗಾಪಾಸ್ಕಲ್. ಫ್ರೀಜ್ ಡ್ರೈ ಮಾಡಿದ ಜೆಲಟಿನ್–ಕೈಟೋಸಾನ್ ಸ್ಕ್ಯಾಫೋಲ್ಡ್ ಒದ್ದೆಯಾದ ಮೇಲೆ ಸಾಮಾನ್ಯವಾಗಿ ಕಿಲೋಪಾಸ್ಕಲ್‌ಗಳ ಮಟ್ಟಕ್ಕೆ ಇಳಿಯುತ್ತದೆ, ಅಂದರೆ ಮೆಗಾಪಾಸ್ಕಲ್‌ನ ಸಾವಿರದಲ್ಲೊಂದು ಅಂಶದ ಲೆಕ್ಕಕ್ಕೆ. ಪ್ರಕಟವಾಗುವ ಎಷ್ಟೋ ಪ್ರಬಂಧಗಳಲ್ಲಿ ಒಣ ಸ್ಥಿತಿಯ ಅಳತೆಯನ್ನಷ್ಟೇ ಕೊಟ್ಟು ಅದನ್ನು ಜಾಲರಿ ಮೂಳೆಗೆ ಹೋಲಿಸಿರುತ್ತಾರೆ. ದೇಹದೊಳಗೆ ಯಾವುದೂ ಒಣಗಿರುವುದಿಲ್ಲ. ದಯವಿಟ್ಟು ನಿಮ್ಮ ಮಾದರಿಗಳನ್ನು 37 ಡಿಗ್ರಿ ಸೆಲ್ಸಿಯಸ್‌ನ ಬಫರ್ ದ್ರಾವಣದಲ್ಲಿ ಕನಿಷ್ಠ ಒಂದು ದಿನ ನೆನೆಸಿ, ಒದ್ದೆಯಾಗಿಯೇ ಅಳೆಯಿರಿ. ಬಂದ ಸಂಖ್ಯೆ ಸಣ್ಣದಾಗಿದ್ದರೆ ಅದನ್ನು ಹಾಗೆಯೇ ಬರೆಯಿರಿ. ಭಾರ ಹೊರುವ ಕೆಲಸವನ್ನು ಲೋಹದ ಪಟ್ಟಿಯೋ ಸುತ್ತಲಿನ ಮೂಳೆಯೋ ನೋಡಿಕೊಳ್ಳುವ ಜಾಗಗಳು ಬೇಕಾದಷ್ಟಿವೆ: ಹಲ್ಲು ಕಿತ್ತ ಗುಳಿ, ತಲೆಬುರುಡೆಯ ಸಣ್ಣ ರಂಧ್ರ, ಗೆಡ್ಡೆ ಕೆರೆದು ತೆಗೆದ ನಂತರ ನಾಲ್ಕೂ ಕಡೆ ಮೂಳೆಯ ಗೋಡೆ ಉಳಿದಿರುವ ಕುಳಿ. ನಿಮ್ಮ ವಸ್ತುವಿಗೆ ಹೊಂದುವುದು ಇಂಥ ಗಾಯಗಳೇ ಎಂಬುದು ನನ್ನ ಅಭಿಪ್ರಾಯ. ತೊಡೆಮೂಳೆಯಲ್ಲಿ ತುಂಡೇ ಇಲ್ಲದ ಅಂತರವನ್ನು ತುಂಬುವ ಆಸೆಯನ್ನು ಬಿಟ್ಟುಬಿಡಿ, ಅದಕ್ಕಾಗಿ ಹೈಡ್ರಾಕ್ಸಿಅಪಟೈಟ್ ಪ್ರಮಾಣವನ್ನು ಏರಿಸುತ್ತ ಹೋದರೆ ಸ್ಕ್ಯಾಫೋಲ್ಡ್ ಪೆಡಸಾಗಿ ಪುಡಿಯಾಗುತ್ತದೆಯೇ ಹೊರತು ಭಾರ ಹೊರುವಂತಾಗುವುದಿಲ್ಲ.

ಗಟ್ಟಿಯಾದಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ಸರಿಯಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ದಟ್ಟ ಮೂಳೆಯ ಸ್ಥಿತಿಸ್ಥಾಪಕ ಗುಣಾಂಕ ಸುಮಾರು 15ರಿಂದ 20 ಗಿಗಾಪಾಸ್ಕಲ್ ಇದ್ದರೆ ಟೈಟಾನಿಯಂ ಮಿಶ್ರಲೋಹದ್ದು ಸುಮಾರು 110, ಸ್ಟೇನ್‌ಲೆಸ್ ಸ್ಟೀಲ್‌ನದು ಸುಮಾರು 200. ಭಾರವನ್ನೆಲ್ಲ ಲೋಹವೇ ಹೊತ್ತುಕೊಂಡಾಗ ಪಕ್ಕದ ಮೂಳೆ ಕೆಲಸವಿಲ್ಲದೆ ತೆಳುವಾಗುತ್ತದೆ, ಏಕೆಂದರೆ ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನ ರಚನೆಯನ್ನು ಬದಲಿಸಿಕೊಳ್ಳುತ್ತದೆ. ಜರ್ಮನ್ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲಿ ಮಂಡಿಸಿದ ಈ ನಿಯಮ ಇಂದಿಗೂ ವಿನ್ಯಾಸಕಾರರ ಮುಂದಿರುವ ಮುಖ್ಯ ಲೆಕ್ಕಾಚಾರ.

ಎಸ್‌ಬಿಎಫ್ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಜಪಾನಿನ ವಿಜ್ಞಾನಿ ತದಾಶಿ ಕೊಕುಬೊ ರೂಪಿಸಿದ ಈ ದ್ರಾವಣದಲ್ಲಿ ಅಯಾನುಗಳ ಸಾಂದ್ರತೆ ರಕ್ತದ ಪ್ಲಾಸ್ಮಾಕ್ಕೆ ಹತ್ತಿರವಾಗಿರುತ್ತದೆ, ಆದರೆ ಪ್ರೋಟೀನುಗಳೂ ಜೀವಕೋಶಗಳೂ ಇರುವುದಿಲ್ಲ. ಅಪಟೈಟ್‌ನ ಮಟ್ಟಿಗೆ ಈ ದ್ರಾವಣ ಮೊದಲೇ ಅತಿಸಂತೃಪ್ತ ಸ್ಥಿತಿಯಲ್ಲಿರುವುದರಿಂದ, ಅದರೊಳಗೆ ಹೈಡ್ರಾಕ್ಸಿಅಪಟೈಟ್ ಹರಳುಗಳನ್ನೇ ಇಟ್ಟರೆ ಅವುಗಳ ಮೇಲೆ ಇನ್ನಷ್ಟು ಅಪಟೈಟ್ ಕೂಡಿಕೊಳ್ಳುವುದು ನಿರೀಕ್ಷಿತವೇ. ಮೂಳೆಗೆ ಚೆನ್ನಾಗಿ ಅಂಟುವ ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಇದೇ ದ್ರಾವಣದಲ್ಲಿ ಅಪಟೈಟ್ ಪದರವನ್ನು ತೋರಿಸದೆ ಇರಬಹುದೆಂಬುದು ಈ ಪರೀಕ್ಷೆಯನ್ನು ರೂಪಿಸಿದವರಿಗೂ ಗೊತ್ತಿದ್ದ ಸಂಗತಿ. ಹಾಗಾಗಿ ಪದರ ಬಂದರೂ ಬಾರದಿದ್ದರೂ ದೇಹದೊಳಗೆ ಏನಾಗುತ್ತದೆಂದು ಅದರಿಂದ ಖಚಿತವಾಗಿ ಹೇಳಲಾಗದು. ಮೇಲ್ಮೈ ರಸಾಯನವನ್ನು ತಿಳಿಸುವ ಒಂದು ಚಿತ್ರವಾಗಿ ಅದನ್ನು ಪ್ರಬಂಧದಲ್ಲಿ ಉಳಿಸಿಕೊಳ್ಳಿ, ತೀರ್ಮಾನದ ಭಾರವನ್ನು ಅದರ ಮೇಲೆ ಹೊರಿಸಬೇಡಿ.

ಅಲಿಜರಿನ್ ರೆಡ್ ವಿಷಯಕ್ಕೆ ಬರೋಣ, ನನ್ನ ಆತಂಕ ಹೆಚ್ಚಿರುವುದು ಇಲ್ಲಿಯೇ. ಈ ಬಣ್ಣ ಕ್ಯಾಲ್ಸಿಯಂಗೆ ಅಂಟಿಕೊಳ್ಳುತ್ತದೆ. ಆ ಕ್ಯಾಲ್ಸಿಯಂ ಜೀವಕೋಶ ಕೂಡಿಸಿದ್ದೋ, ನೀವೇ ತಕ್ಕಡಿಯಲ್ಲಿ ತೂಗಿ ಬೆರೆಸಿದ್ದೋ ಎಂಬ ಭೇದ ಅದಕ್ಕೆ ತಿಳಿಯುವುದಿಲ್ಲ. ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಜೀವಕೋಶಗಳನ್ನೇ ಹಾಕದ ಸ್ಕ್ಯಾಫೋಲ್ಡ್ ಒಂದನ್ನು ಅದೇ ಪೋಷಕ ದ್ರಾವಣದಲ್ಲಿ, ಅದೇ 21 ದಿನ, ಅದೇ ಇನ್‌ಕ್ಯುಬೇಟರಿನಲ್ಲಿ ಇಟ್ಟು, ದ್ರಾವಣವನ್ನೂ ಅದೇ ವೇಳಾಪಟ್ಟಿಯಂತೆ ಬದಲಿಸಿ, ಕೊನೆಗೆ ಬಣ್ಣ ಹಾಕಿ ತೊಳೆಯಿರಿ. ಮೊದಲ ತೊಳೆತದಲ್ಲಿ ನೀರು ದಟ್ಟ ಕೆಂಪಾಗಿ ಬರುತ್ತದೆ, ಆಮೇಲೆ ತಿಳಿಯಾಗುತ್ತ ಹೋಗಿ ಕೊನೆಗೆ ಬಣ್ಣವಿಲ್ಲದ ನೀರಾಗುತ್ತದೆ. ಆಗಲೂ ವೆಲ್‌ನ (ಕೋಶ ಬೆಳೆಸುವ ತಟ್ಟೆಯ ಸಣ್ಣ ಕುಳಿಯ) ತಳದಲ್ಲಿ ಕುಳಿತ ಆ ತುಣುಕು ಕಡುಗೆಂಪಾಗಿಯೇ ಇರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರಂಧ್ರಗಳ ಗೋಡೆಯುದ್ದಕ್ಕೂ ಹೈಡ್ರಾಕ್ಸಿಅಪಟೈಟ್ ಕಣಗಳು ಗುಂಪುಗೂಡಿದ ಕಡೆಯೆಲ್ಲ ಕೆಂಪು ಮಚ್ಚೆಗಳು ಕಾಣುತ್ತವೆ. ಪ್ರಬಂಧಗಳಲ್ಲಿ ‘ಖನಿಜ ಗಂಟುಗಳು’ ಎಂದು ಬಾಣದ ಗುರುತು ಹಾಕಿ ತೋರಿಸುವ ಚಿತ್ರಗಳಿಗೂ ಇದಕ್ಕೂ ಕಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಜೀವಕೋಶವಿರುವ ಮಾದರಿಯ ಕೆಂಪಿನಿಂದ ಜೀವಕೋಶವಿಲ್ಲದ ಮಾದರಿಯ ಕೆಂಪನ್ನು ಕಳೆದಾಗ ಉಳಿಯುವುದೆಷ್ಟೋ ಅಷ್ಟೇ ಜೀವಕೋಶದ ಪಾಲು. ಹೈಡ್ರಾಕ್ಸಿಅಪಟೈಟ್ ಹೆಚ್ಚಿರುವ ಸ್ಕ್ಯಾಫೋಲ್ಡ್‌ನಲ್ಲಿ ಕಳೆಯಬೇಕಾದ ಸಂಖ್ಯೆಯೇ ದೊಡ್ಡದಾಗಿದ್ದು, ಉಳಿದದ್ದು ಅಳತೆಯ ದೋಷದೊಳಗೇ ಮುಚ್ಚಿಹೋಗುವ ಸಂಭವವೂ ಇದೆ.

ಇದರೊಂದಿಗೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಮೂಳೆ ಕೋಶಗಳಾಗಿ ಮಾರ್ಪಡಿಸುವ ಪೋಷಕ ದ್ರಾವಣಕ್ಕೆ ಡೆಕ್ಸಾಮೆಥಾಸೋನ್, ಆಸ್ಕಾರ್ಬಿಕ್ ಆಮ್ಲ ಮತ್ತು ಸಾಮಾನ್ಯವಾಗಿ 10 ಮಿಲಿಮೋಲಾರ್ ಸಾಂದ್ರತೆಯ ಬೀಟಾ ಗ್ಲಿಸರೋಫಾಸ್ಫೇಟ್ ಸೇರಿಸುತ್ತೇವೆ. ಜೀವಕೋಶಗಳ ಆಲ್ಕಲೈನ್ ಫಾಸ್ಫಟೇಸ್ ಕಿಣ್ವ ಈ ಕೊನೆಯ ಸಂಯುಕ್ತದಿಂದ ಫಾಸ್ಫೇಟನ್ನು ಬಿಡಿಸಿದಾಗ, ಕೊಲಾಜೆನ್ ಎಳೆಗಳ ಹಂಗೇ ಇಲ್ಲದೆ ಕ್ಯಾಲ್ಸಿಯಂ ಫಾಸ್ಫೇಟ್ ಸುಮ್ಮನೆ ತಳಕ್ಕೆ ಇಳಿಯಬಹುದು. ಮೂಳೆಯ ಖನಿಜ ಹೀಗೆ ಬಿದ್ದ ಪುಡಿಯಲ್ಲ. ಮೂಳೆಯ ತೂಕದಲ್ಲಿ ಸುಮಾರು ಮೂರನೆಯ ಎರಡು ಭಾಗ ಖನಿಜವಿದ್ದು, ಉಳಿದದ್ದರಲ್ಲಿ ನೀರನ್ನು ಬಿಟ್ಟರೆ ಬಹುಪಾಲು ಒಂದನೆಯ ಬಗೆಯ ಕೊಲಾಜೆನ್. ಕಾರ್ಬೊನೇಟ್ ಬೆರೆತ, ಪೂರ್ತಿ ಹರಳುಗಟ್ಟದ, ನ್ಯಾನೊಮೀಟರ್‌ಗಳ ಅಳತೆಯ ತೆಳು ಹಲ್ಲೆಗಳಾಗಿ ಆ ಖನಿಜ ಕೊಲಾಜೆನ್ ಎಳೆಗಳ ಒಳಗೂ ನಡುವೆಯೂ ಒಂದು ಕ್ರಮದಲ್ಲಿ ಜೋಡಣೆಯಾಗಿರುತ್ತದೆ. ಆದ್ದರಿಂದ ಬಣ್ಣವೊಂದನ್ನೇ ನಂಬದೆ, ಮೂಳೆ ಕೋಶಗಳ ಬೆಳವಣಿಗೆಯನ್ನು ಸೂಚಿಸುವ ರನ್ಎಕ್ಸ್2, ಆಸ್ಟಿಯೋಕ್ಯಾಲ್ಸಿನ್‌ನಂಥ ವಂಶವಾಹಿಗಳು ಯಾವ ದಿನ ಎಷ್ಟು ಚುರುಕಾದವು, ಆಲ್ಕಲೈನ್ ಫಾಸ್ಫಟೇಸ್ ಆರಂಭದಲ್ಲಿ ಏರಿ ಖನಿಜೀಕರಣದ ಹೊತ್ತಿಗೆ ಇಳಿಯಿತೇ, ಆ ಅಳತೆಯನ್ನು ವೆಲ್‌ನಲ್ಲಿರುವ ಡಿಎನ್‌ಎ ಪ್ರಮಾಣಕ್ಕೆ ಭಾಗಿಸಿದ್ದೀರಾ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಖನಿಜ ಕೊಲಾಜೆನ್ ಎಳೆಯ ಜೊತೆಗಿದೆಯೇ ಎಂಬುದನ್ನೆಲ್ಲ ಒಟ್ಟಿಗೆ ಇಟ್ಟು ನೋಡಬೇಕು. ಸಾಧ್ಯವಾದರೆ ಡೆಕ್ಸಾಮೆಥಾಸೋನ್ ಇಲ್ಲದ ದ್ರಾವಣದಲ್ಲಿಯೂ ಒಂದು ಸಾಲು ಮಾದರಿಗಳನ್ನು ನಡೆಸಿ. ಪ್ರಚೋದನೆ ನಿಮ್ಮ ವಸ್ತುವಿನಿಂದಲೇ ಬರುತ್ತಿದ್ದರೆ ಆ ಸಾಲಿನಲ್ಲಿಯೂ ಅದರ ಸುಳಿವು ಸಿಗಬೇಕು. ಮೂಳೆ ಕ್ಯಾನ್ಸರಿನಿಂದ ಪಡೆದ ಎಂಜಿ-63, ಸಾವೋಸ್-2 ಕೋಶಗಳು ಬೆಳೆಸಲು ಸುಲಭವಾದರೂ, ಅವು ಸಹಜ ಕೋಶಗಳಂತೆ ನಡೆದುಕೊಳ್ಳುವುದಿಲ್ಲ. ಅಸ್ಥಿಮಜ್ಜೆಯ ಮೂಲಕೋಶಗಳನ್ನು ಬಳಸುವುದಾದರೆ ಒಬ್ಬರಿಗಿಂತ ಹೆಚ್ಚು ದಾನಿಗಳವನ್ನು ಬಳಸಿ, ಏಕೆಂದರೆ ದಾನಿಯಿಂದ ದಾನಿಗೆ ವ್ಯತ್ಯಾಸ ಬಹಳ.

ಎಂಟಿಟಿಯಲ್ಲಿ ಬಂದ ಶೇ 90ರ ಬಗ್ಗೆ ಎರಡು ಮಾತು. ವೈದ್ಯಕೀಯ ಸಾಧನಗಳ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 10993ರ ಐದನೆಯ ಭಾಗದ ಪ್ರಕಾರ ಜೀವಂತಿಕೆ ಶೇ 30ಕ್ಕಿಂತ ಹೆಚ್ಚು ಕುಸಿದರೆ ವಸ್ತುವನ್ನು ಕೋಶಗಳಿಗೆ ವಿಷಕಾರಿ ಎಂದು ಪರಿಗಣಿಸುತ್ತಾರೆ. ಆ ಅಳತೆಗೋಲಿನಲ್ಲಿ ನಿಮ್ಮ ವಸ್ತು ತೇರ್ಗಡೆಯಾಗಿದೆ, ಸಂತೋಷ. ಆದರೆ ಜೆನಿಪಿನ್‌ನಿಂದ ಬಂಧಿತವಾದ ಜೆಲಟಿನ್ ಕಡುನೀಲಿಯಾಗುತ್ತದೆ ಎಂಬುದನ್ನು ನೀವು ದಿನವೂ ನೋಡುತ್ತಿದ್ದೀರಿ. ಆ ನೀಲಿ ವರ್ಣಕ ಬೆಳಕನ್ನು ಹೀರುವ ತರಂಗಾಂತರ ಎಂಟಿಟಿಯಲ್ಲಿ ಬದುಕಿರುವ ಕೋಶಗಳು ಉಂಟುಮಾಡುವ ನೇರಳೆ ಬಣ್ಣದ ಫಾರ್ಮಜಾನನ್ನು ಅಳೆಯುವ 570 ನ್ಯಾನೊಮೀಟರ್‌ಗೆ ತೀರ ಹತ್ತಿರದ್ದು. ವರ್ಣಕ ಸ್ವಲ್ಪ ಸೋರಿದರೂ ಸತ್ತ ಕೋಶಗಳು ಬದುಕಿದಂತೆ ಕಾಣುತ್ತವೆ. ಇನ್ನೊಂದೆಡೆ, ರಂಧ್ರಮಯ ವಸ್ತು ಫಾರ್ಮಜಾನನ್ನು ತನ್ನೊಳಗೆ ಹಿಡಿದಿಟ್ಟುಕೊಂಡರೆ ಬದುಕಿದ ಕೋಶಗಳು ಲೆಕ್ಕಕ್ಕೆ ಸಿಗದೆ ಹೋಗುತ್ತವೆ. ಇಲ್ಲಿಯೂ ಜೀವಕೋಶವಿಲ್ಲದ ಸ್ಕ್ಯಾಫೋಲ್ಡನ್ನೇ ಕಂಟ್ರೋಲ್ (ಹೋಲಿಕೆಯ ಮಾದರಿ) ಆಗಿ ಇಡಬೇಕು, ಬಣ್ಣವನ್ನು ಅವಲಂಬಿಸದ ಡಿಎನ್‌ಎ ಅಳತೆಯನ್ನೂ ಜೊತೆಗೆ ಮಾಡಬೇಕು. ಪಕ್ವಗೊಳ್ಳುತ್ತಿರುವ ಮೂಳೆ ಕೋಶಗಳು ವಿಭಜನೆಯನ್ನು ನಿಧಾನಿಸುವುದರಿಂದ, ಸಂಖ್ಯೆ ಹೆಚ್ಚಿದಷ್ಟೂ ಮೂಳೆ ಹೆಚ್ಚೆಂದು ಓದುವುದೂ ತಪ್ಪಾಗುತ್ತದೆ.

ರಂಧ್ರಗಳ ವಿಷಯದಲ್ಲಿ ನೀವು ಎಲ್ಲರಂತೆ ಎಸ್‌ಇಎಂ (ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರದಿಂದ ಗಾತ್ರವನ್ನು ಅಳೆದಿರುತ್ತೀರಿ. ಮೂಳೆ ಒಳಹೊಗಲು ಕನಿಷ್ಠ 100 ಮೈಕ್ರೋಮೀಟರ್, ರಕ್ತನಾಳಗಳು ಚೆನ್ನಾಗಿ ಹಬ್ಬಲು 300 ಮೈಕ್ರೋಮೀಟರ್‌ಗಿಂತ ಹೆಚ್ಚು ಎಂಬ ಅಂಕಿಗಳನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ರಂಧ್ರದ ಹೊಟ್ಟೆ ಎಷ್ಟು ಅಗಲವಿದೆ ಎಂಬುದಕ್ಕಿಂತ, ಒಂದು ರಂಧ್ರದಿಂದ ಇನ್ನೊಂದಕ್ಕೆ ಹೋಗುವ ಬಾಯಿ ಎಷ್ಟು ಅಗಲವಿದೆ ಎಂಬುದು ಹೆಚ್ಚು ಮುಖ್ಯ. ಎಸ್‌ಇಎಂಗೆ ಒಣ ಮಾದರಿ ಹೋಗುತ್ತದೆ. ಅದೇ ಮಾದರಿ ಒದ್ದೆಯಾದಾಗ ಜೆಲಟಿನ್ ಗೋಡೆಗಳು ಉಬ್ಬಿ ಆ ಬಾಯಿಗಳು ಕಿರಿದಾಗುತ್ತವೆ. ಫ್ರೀಜ್ ಡ್ರೈ ಮಾಡುವಾಗ ಅಚ್ಚಿನ ಗೋಡೆಗೆ ತಾಗಿದ ಮುಖದಲ್ಲಿ ತೆಳುವಾದ ಮುಚ್ಚಿದ ಪದರ ಉಂಟಾಗುವುದೂ ಉಂಟು. ಹೊರಮುಖವನ್ನು ಕತ್ತರಿಸಿ ತೆಗೆದು ನೋಡುವ ಅಭ್ಯಾಸವಿಲ್ಲದಿದ್ದರೆ ಅದು ಗಮನಕ್ಕೇ ಬರುವುದಿಲ್ಲ. ಹೆಪ್ಪುಗಟ್ಟಿಸುವ ವೇಗವನ್ನು ನಿಧಾನಿಸಿದರೆ ಹಿಮದ ಹರಳುಗಳು ದೊಡ್ಡದಾಗಿ, ಅವು ಆವಿಯಾದ ಮೇಲೆ ಉಳಿಯುವ ರಂಧ್ರಗಳೂ ದೊಡ್ಡದಾಗುತ್ತವೆ, ಆದ್ದರಿಂದ ಇದನ್ನು ಸರಿಪಡಿಸುವ ದಾರಿ ನಿಮ್ಮ ಕೈಯಲ್ಲಿಯೇ ಇದೆ. ಇದು ಏಕೆ ಮುಖ್ಯವೆಂದರೆ, ದೇಹದಲ್ಲಿ ಹೆಚ್ಚಿನ ಕೋಶಗಳು ರಕ್ತನಾಳವೊಂದರಿಂದ 100ರಿಂದ 200 ಮೈಕ್ರೋಮೀಟರ್‌ಗಳೊಳಗೆ ಇರುತ್ತವೆ, ಆಮ್ಲಜನಕ ಅದಕ್ಕಿಂತ ದೂರ ಸರಾಗವಾಗಿ ತಲುಪದು. ಕೆಲವು ಮಿಲಿಮೀಟರ್ ದಪ್ಪದ ಸ್ಕ್ಯಾಫೋಲ್ಡ್‌ನ ನಡುಭಾಗಕ್ಕೆ ರಕ್ತನಾಳ ಬೇಗ ಮುಟ್ಟದಿದ್ದರೆ, ಅಂಚಿನಲ್ಲಿ ಮಾತ್ರ ಹೊಸ ಮೂಳೆ ಕಟ್ಟಿ, ಒಳಗೆ ನಾರು ಅಂಗಾಂಶವೋ ಖಾಲಿ ಜಾಗವೋ ಉಳಿಯುತ್ತದೆ. ಅಂಗಾಂಶದ ಛೇದಗಳಲ್ಲಿ ಬಹಳ ಸಾಮಾನ್ಯವಾಗಿ ಕಾಣುವ ನೋಟ ಇದು.

ಕರಗುವ ವೇಗವನ್ನೂ ಗಾಯವೇ ನಿರ್ಧರಿಸಬೇಕು. ಬಂಧಿಸದ ಜೆಲಟಿನ್ 37 ಡಿಗ್ರಿಯಲ್ಲಿ ಕರಗಿಹೋಗುತ್ತದೆ, ಅತಿಯಾಗಿ ಬಂಧಿಸಿದರೆ ಮೂಳೆ ಬರಬೇಕಾದ ಜಾಗವನ್ನು ಹಿಡಿದುಕೊಂಡು ಕೂರುತ್ತದೆ. ಕೈಟೋಸಾನ್‌ನಲ್ಲಿ ಅಸಿಟೈಲ್ ಗುಂಪುಗಳನ್ನು ಎಷ್ಟು ಹೆಚ್ಚು ತೆಗೆದಿದೆಯೋ ದೇಹದ ಲೈಸೊಜೈಮ್ ಕಿಣ್ವ ಅದನ್ನು ಅಷ್ಟು ನಿಧಾನವಾಗಿ ಒಡೆಯುತ್ತದೆ. ಹೀಗಾಗಿ ಬರಿಯ ಬಫರ್ ದ್ರಾವಣದಲ್ಲಿ ತೂಕ ಎಷ್ಟು ಇಳಿಯಿತೆಂದು ಅಳೆಯುವುದು ಸಾಲದು, ಲೈಸೊಜೈಮ್ ಮತ್ತು ಜೆಲಟಿನ್ ಒಡೆಯುವ ಕೊಲಾಜಿನೇಸ್ ಕಿಣ್ವ ಇರುವ ದ್ರಾವಣದಲ್ಲಿಯೂ ಅಳೆಯಬೇಕು. ನೀವು ಬಳಸುವ ಹೈಡ್ರಾಕ್ಸಿಅಪಟೈಟ್ ಹೆಚ್ಚು ತಾಪದಲ್ಲಿ ಸುಟ್ಟು ಚೆನ್ನಾಗಿ ಹರಳುಗಟ್ಟಿದ್ದಾದರೆ ಅದು ದೇಹದಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಅದಕ್ಕಿಂತ ಬೇಗ ಹೋಗುತ್ತದೆ. ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳು ಇಲ್ಲದೆ ಮರುರೂಪಣೆ ಎಂಬುದೇ ಇಲ್ಲ, ಆದರೂ ನಮ್ಮ ಪ್ರಯೋಗಾಲಯಗಳಲ್ಲಿ ಮೂಳೆ ಕಟ್ಟುವ ಆಸ್ಟಿಯೋಬ್ಲಾಸ್ಟ್‌ಗಳಿಗೆ ಸಿಗುವ ಗಮನದ ಕಾಲು ಭಾಗವೂ ಅವುಗಳಿಗೆ ಸಿಗುವುದಿಲ್ಲ. ನಿಮ್ಮ ಸ್ಕ್ಯಾಫೋಲ್ಡ್ ಮೇಲೆ ಆಸ್ಟಿಯೋಕ್ಲಾಸ್ಟ್‌ಗಳು ಕುಳಿ ತೋಡುತ್ತವೆಯೇ ಎಂದು ನೋಡುವ ಪ್ರಯೋಗ, ಸ್ಟ್ರಾನ್ಷಿಯಂ ಸೇರಿಸುವುದಕ್ಕಿಂತ ಹೆಚ್ಚು ಹೊಸತನವನ್ನು ನಿಮ್ಮ ಮಹಾಪ್ರಬಂಧಕ್ಕೆ ತಂದುಕೊಡುತ್ತದೆಂದು ನಾನು ಭಾವಿಸುತ್ತೇನೆ.

ಸ್ಟ್ರಾನ್ಷಿಯಂ ಬೇಡವೆನ್ನುವುದಕ್ಕೆ ಕಾರಣ ಅದು ನಿಷ್ಪ್ರಯೋಜಕ ಎಂದಲ್ಲ. ಅದು ಮೂಳೆ ಕಟ್ಟುವ ಕೋಶಗಳನ್ನು ಉತ್ತೇಜಿಸಿ ಕರಗಿಸುವ ಕೋಶಗಳನ್ನು ತಗ್ಗಿಸುತ್ತದೆಂದು ತೋರಿಸುವ ಕೆಲಸಗಳಿವೆ. ಆದರೆ ಹೈಡ್ರಾಕ್ಸಿಅಪಟೈಟ್‌ನೊಳಗೆ ಸ್ಟ್ರಾನ್ಷಿಯಂ ಕ್ಯಾಲ್ಸಿಯಂನ ಜಾಗಕ್ಕೆ ಬಂದಾಗ ಹರಳಿನ ಗಾತ್ರ, ಕರಗುವಿಕೆ, ಮೇಲ್ಮೈ ಎಲ್ಲವೂ ಒಟ್ಟಿಗೆ ಬದಲಾಗುತ್ತವೆ. ಆಮೇಲೆ ಜೀವಕೋಶಗಳಲ್ಲಿ ಕಾಣುವ ಬದಲಾವಣೆಗೆ ಸ್ಟ್ರಾನ್ಷಿಯಂ ಅಯಾನು ಕಾರಣವೋ, ಹೆಚ್ಚು ಕ್ಯಾಲ್ಸಿಯಂ ಬಿಡುಗಡೆಯಾದದ್ದು ಕಾರಣವೋ ಎಂದು ಬಿಡಿಸಲು ಇನ್ನಷ್ಟು ಕಂಟ್ರೋಲ್‌ಗಳು ಬೇಕಾಗುತ್ತವೆ. ಮೂಲ ಸ್ಕ್ಯಾಫೋಲ್ಡ್ ಏನು ಮಾಡುತ್ತದೆಂದೇ ಖಚಿತವಾಗದಿರುವಾಗ ಅದರ ಮೇಲೆ ಇನ್ನೊಂದು ಅಂಶವನ್ನು ಸೇರಿಸುವುದು ಗೊಂದಲವನ್ನು ಇಮ್ಮಡಿಸುತ್ತದೆ. ಬೆಳವಣಿಗೆಯ ಪ್ರೋಟೀನುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಮೆರಿಕದ ಮೂಳೆ ಶಸ್ತ್ರವೈದ್ಯ ಮಾರ್ಷಲ್ ಯೂರಿಸ್ಟ್ 1965ರಲ್ಲಿ, ಖನಿಜ ತೆಗೆದ ಮೂಳೆಯನ್ನು ಸ್ನಾಯುವಿನೊಳಗೆ ಇಟ್ಟರೂ ಅಲ್ಲಿ ಹೊಸ ಮೂಳೆ ಹುಟ್ಟುತ್ತದೆಂದು ತೋರಿಸಿದರು. ಆ ಕೆಲಸದ ಮುಂದುವರಿಕೆಯಾಗಿ ಮೂಳೆ ಹುಟ್ಟಿಸುವ ಬಿಎಂಪಿ-2 ಪ್ರೋಟೀನನ್ನು ಕೊಲಾಜೆನ್ ಸ್ಪಂಜಿನಲ್ಲಿ ಹೀರಿಸಿ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಲ್ಲಿ ಬಳಸಲು ಅಮೆರಿಕದಲ್ಲಿ 2002ರಲ್ಲಿ ಅನುಮತಿ ಸಿಕ್ಕಿತು. ಅದರ ಪ್ರಮಾಣ ದೇಹದಲ್ಲಿ ಸಹಜವಾಗಿ ಇರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು, ಸ್ಪಂಜು ಅದನ್ನು ಹಿಡಿದಿಡುವ ಶಕ್ತಿ ಕಡಿಮೆಯಿತ್ತು. ಕತ್ತಿನ ಭಾಗದಲ್ಲಿ ಬಳಸಿದಾಗ ಜೀವಕ್ಕೆ ಅಪಾಯ ತರುವಂಥ ಊತ ಉಂಟಾದ ವರದಿಗಳು ಬಂದು, 2008ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ನೀಡಬೇಕಾಯಿತು. ಅಣು ಪ್ರಬಲವಾಗಿದ್ದರೂ ಅದನ್ನು ಹೊತ್ತ ವಸ್ತು ತಕ್ಕದಲ್ಲದಿದ್ದರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ತಿಳಿದಿಲ್ಲ.

ಪ್ರಾಣಿ ಪ್ರಯೋಗಕ್ಕೆ ಹೋಗುವ ಮುನ್ನ ಕ್ರಿಮಿಶುದ್ಧಿಯ ವಿಧಾನವನ್ನು ನಿಶ್ಚಯಿಸಿ. ಶೇ 70ರ ಆಲ್ಕೊಹಾಲಿನಲ್ಲಿ ಅದ್ದುವುದು ಬ್ಯಾಕ್ಟೀರಿಯಾದ ಬೀಜಕಣಗಳನ್ನು ಕೊಲ್ಲುವುದಿಲ್ಲ, ಆಟೋಕ್ಲೇವ್‌ನ ಬಿಸಿ ಹಬೆ ಜೆಲಟಿನ್ ರಚನೆಯನ್ನೇ ಕುಸಿಯಿಸುತ್ತದೆ, ಸಾಮಾನ್ಯವಾಗಿ ಬಳಸುವ 25 ಕಿಲೋಗ್ರೇ ಗಾಮಾ ವಿಕಿರಣ ಕೈಟೋಸಾನ್ ಸರಪಳಿಗಳನ್ನು ತುಂಡರಿಸುತ್ತದೆ, ಎಥಿಲೀನ್ ಆಕ್ಸೈಡ್ ಬಳಸಿದರೆ ಅದರ ಶೇಷವನ್ನು ಪೂರ್ತಿ ಹೊರಹಾಕಬೇಕು. ಯಾವುದನ್ನು ಆರಿಸಿಕೊಂಡರೂ ಗಟ್ಟಿತನ ಮತ್ತು ಕರಗುವಿಕೆಯ ಅಳತೆಗಳನ್ನು ಆ ವಿಧಾನದ ನಂತರದ ಮಾದರಿಯ ಮೇಲೆಯೇ ಮಾಡಬೇಕು, ಏಕೆಂದರೆ ದೇಹದೊಳಗೆ ಹೋಗುವುದು ಆ ಮಾದರಿ. ಪ್ರಾಣಿಮೂಲದ ಜೆಲಟಿನ್‌ನಲ್ಲಿ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾ ಮೂಲದ ವಿಷ) ಇರುವುದು ಸಾಮಾನ್ಯ. ಅದು ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳನ್ನು ಕೆರಳಿಸಿ ಉರಿಯೂತವನ್ನು ಹೆಚ್ಚಿಸಿದರೆ ನೀವು ದೋಷವನ್ನು ವಸ್ತುವಿನ ಮೇಲೆ ಹೊರಿಸುವಿರಿ.

ಇಲಿಗಳ ತಲೆಬುರುಡೆಯಲ್ಲಿ 8 ಮಿಲಿಮೀಟರ್ ವ್ಯಾಸದ ರಂಧ್ರ ತಾನಾಗಿ ಮುಚ್ಚುವುದಿಲ್ಲವೆಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಎರಡೂ ಬದಿಗೆ 5 ಮಿಲಿಮೀಟರ್‌ನ ಎರಡು ರಂಧ್ರಗಳನ್ನು ಮಾಡುವ ಪದ್ಧತಿಯೂ ಇದೆ. ಹಾಗೆ ಮಾಡಿದಾಗ ಒಂದೇ ಪ್ರಾಣಿಯ ಎರಡು ರಂಧ್ರಗಳನ್ನು ಎರಡು ಸ್ವತಂತ್ರ ಮಾದರಿಗಳೆಂದು ಎಣಿಸಬಾರದು. ಖಾಲಿ ಬಿಟ್ಟ ರಂಧ್ರ, ಹೈಡ್ರಾಕ್ಸಿಅಪಟೈಟ್ ಇಲ್ಲದ ಸ್ಕ್ಯಾಫೋಲ್ಡ್, ಈಗಾಗಲೇ ಚಿಕಿತ್ಸೆಯಲ್ಲಿ ಬಳಕೆಯಲ್ಲಿರುವ ಒಂದು ವಸ್ತು, ಈ ಮೂರರ ಪಕ್ಕದಲ್ಲಿ ನಿಮ್ಮದನ್ನು ಇಡಬೇಕು. ಅಲಿಜರಿನ್ ರೆಡ್‌ನಲ್ಲಿ ಕಂಡ ತೊಂದರೆ ಇಲ್ಲಿ ಮೈಕ್ರೋ ಸಿಟಿ (ಸೂಕ್ಷ್ಮ ಎಕ್ಸ್-ರೇ ಸ್ಕ್ಯಾನ್) ರೂಪದಲ್ಲಿ ಮರಳಿ ಬರುತ್ತದೆ: ಎಕ್ಸ್-ರೇ ಕಣ್ಣಿಗೆ ನಿಮ್ಮ ಹೈಡ್ರಾಕ್ಸಿಅಪಟೈಟ್ ಕೂಡ ಮೂಳೆಯಂತೆ ಬಿಳಿಯಾಗಿಯೇ ಕಾಣುತ್ತದೆ. ಶಸ್ತ್ರಚಿಕಿತ್ಸೆ ಮುಗಿದ ದಿನವೇ ಒಂದು ಸ್ಕ್ಯಾನ್ ತೆಗೆದಿಟ್ಟುಕೊಂಡರೆ ಆರಂಭದ ಬಿಳುಪು ಎಷ್ಟಿತ್ತೆಂಬ ದಾಖಲೆ ಸಿಗುತ್ತದೆ. ನಂತರ ಖನಿಜ ತೆಗೆಯದೆ ರಾಳದಲ್ಲಿ ಹುದುಗಿಸಿ ಕತ್ತರಿಸಿದ ಛೇದಗಳನ್ನು ನೋಡಬೇಕು. ಕ್ಯಾಲ್ಸೀನ್‌ನಂಥ ಹೊಳೆಯುವ ಗುರುತುಗಳನ್ನು ನಿಗದಿತ ದಿನಗಳಲ್ಲಿ ಪ್ರಾಣಿಗೆ ಚುಚ್ಚಿದ್ದರೆ, ಆಯಾ ದಿನಗಳಲ್ಲಿ ಖನಿಜ ಕೂಡಿದ ಅಂಚು ಗೆರೆಯಾಗಿ ಬೆಳಗುತ್ತದೆ, ಮತ್ತು ಎರಡು ಗೆರೆಗಳ ನಡುವಿನ ಅಂತರದಿಂದ ಮೂಳೆ ಬೆಳೆದ ವೇಗವನ್ನು ಲೆಕ್ಕಹಾಕಬಹುದು. ಮಾದರಿಯ ಗುರುತು ಗೊತ್ತಿಲ್ಲದವರು ಛೇದಗಳನ್ನು ಅಳೆಯಲಿ. ಎಷ್ಟು ಪ್ರಾಣಿಗಳು ಬೇಕೆಂಬ ಲೆಕ್ಕವನ್ನು ನೈತಿಕ ಸಮಿತಿಗೆ ಅರ್ಜಿ ಹಾಕುವ ಮೊದಲೇ ಸಂಖ್ಯಾಶಾಸ್ತ್ರಜ್ಞರೊಡನೆ ಕುಳಿತು ಮಾಡಿ. ಕಂಟ್ರೋಲ್ ಸರಿಯಿಲ್ಲದ ಪ್ರಯೋಗಕ್ಕಾಗಿ ಪ್ರಾಣಿಯೊಂದು ನೋವು ತಿನ್ನುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ. ಇಲಿಗಳಿಗೆ ಹೋಗಲು ಈಗಲೇ ಬೇಡವೆಂದು ನಾನು ಹೇಳಿದ್ದರ ಮುಖ್ಯ ಕಾರಣವೂ ಇದೇ.

ಸದ್ಯಕ್ಕೆ ನಿಮ್ಮಲ್ಲಿ ಉಳಿದಿರುವ ಸ್ಕ್ಯಾಫೋಲ್ಡ್ ತುಣುಕುಗಳಿಂದಲೇ ಜೀವಕೋಶವಿಲ್ಲದ ಕಂಟ್ರೋಲ್‌ಗಳನ್ನು ಆರಂಭಿಸಬಹುದು, ಅದಕ್ಕೆ ಹೊಸ ಉಪಕರಣವೇನೂ ಬೇಡ. ಅದು ನಡೆಯುತ್ತಿರುವಾಗಲೇ ಬಾಯಿ ಮತ್ತು ದವಡೆಯ ಶಸ್ತ್ರವೈದ್ಯರೊಬ್ಬರನ್ನೋ ಮೂಳೆ ತಜ್ಞರೊಬ್ಬರನ್ನೋ ಭೇಟಿಯಾಗಿ, ಅವರು ವಾರದಲ್ಲಿ ಯಾವ ಕುಳಿಯನ್ನು ತುಂಬಲು ಪರದಾಡುತ್ತಾರೆ, ಈಗ ಏನನ್ನು ತುಂಬುತ್ತಾರೆ, ಒದ್ದೆಯಾದ ನಿಮ್ಮ ಸ್ಕ್ಯಾಫೋಲ್ಡನ್ನು ಚಿಮಟಿಯಲ್ಲಿ ಹಿಡಿದು ಅಲ್ಲಿ ಇಡಲು ಸಾಧ್ಯವೇ ಎಂದು ಕೇಳಿ, ತುಣುಕೊಂದನ್ನು ಅವರ ಕೈಗೇ ಕೊಟ್ಟು ನೋಡಿ. ಪ್ರಬಂಧವನ್ನು ಈಗಲೇ ಬರೆಯಬೇಕಾದ ಒತ್ತಡವಿದ್ದರೆ, ಈ ಸ್ಕ್ಯಾಫೋಲ್ಡ್‌ನ ರಚನೆ ಮತ್ತು ಮೇಲ್ಮೈ ಗುಣಗಳು ಇಂಥಿಂಥವು, ಇದರ ಸಂಪರ್ಕದಲ್ಲಿ ಜೀವಕೋಶಗಳು ಬದುಕಿ ಉಳಿಯುತ್ತವೆ ಎಂಬಷ್ಟನ್ನು, ಎಂಟಿಟಿಯ ಕಂಟ್ರೋಲ್ ಬಂದ ಮೇಲೆ, ಬರೆಯಿರಿ. ಅಲಿಜರಿನ್ ಚಿತ್ರಗಳನ್ನು ಹಾಕುವುದಾದರೆ ಜೀವಕೋಶವಿಲ್ಲದ ಮಾದರಿಯ ಚಿತ್ರವನ್ನೂ ಅದೇ ಅಳತೆಯಲ್ಲಿ, ಅದೇ ಬೆಳಕಿನಲ್ಲಿ ತೆಗೆದು ಪಕ್ಕದಲ್ಲಿಯೇ ಮುದ್ರಿಸಿ.